ಹನ್ನೆರಡನೆಯ ತರಗತಿಯ ಇಂಗ್ಲಿಷ್: ಎಪಿ ಲಿಟರೇಚರ್, ಕಮ್ಯೂನಿಟಿ ಕಾಲೇಜು, ಸಾಮಾನ್ಯ ತರಗತಿ

ಕ್ಯಾಲಿಫೋರ್ನಿಯಾದ ಹೈಸ್ಕೂಲುಗಳಲ್ಲಿ ಫೆಬ್ರವರಿಯ ಹೊತ್ತಿಗೆ ಮುಂದಿನ ವರ್ಷದ ವಿಷಯಗಳನ್ನು ಆರಿಸಿಕೊಳ್ಳುವ ಪಟ್ಟಿ ಮನೆಗೆ ಬರುತ್ತದೆ. ಕ್ಯಾಲ್ಕುಲಸ್, ಫಿಸಿಕ್ಸ್, ಕಂಪ್ಯೂಟರ್ ಸೈನ್ಸ್‌ಗಳ ಬಗ್ಗೆ ಇಲ್ಲಿನ ಕನ್ನಡ ಕುಟುಂಬಗಳಲ್ಲಿ ಹೆಚ್ಚು ಚರ್ಚೆ ನಡೆಯುವುದಿಲ್ಲ. ಅವೆಲ್ಲ ಮಕ್ಕಳು ಮಿಡ್ಲ್ ಸ್ಕೂಲಿನಲ್ಲಿರುವಾಗಲೇ ತೀರ್ಮಾನವಾಗಿರುತ್ತವೆ. ಜಗ್ಗಾಟವೆಲ್ಲ ಹನ್ನೆರಡನೆಯ ತರಗತಿಯ ಇಂಗ್ಲಿಷ್ ಬಗ್ಗೆ. ಯುಸಿ, ಅಂದರೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳಿಗೆ ಅರ್ಜಿ ಹಾಕುವವರು ನಾಲ್ಕು ವರ್ಷ ಇಂಗ್ಲಿಷ್ ಓದಿರಲೇಬೇಕು. ಆದ್ದರಿಂದ ಬಿಡುವ ಮಾತಿಲ್ಲ. ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್), ಅಂದರೆ ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದಲ್ಲಿ ಕಲಿಸುವ ತರಗತಿಗಳಲ್ಲೊಂದಾದ ಎಪಿ ಲಿಟರೇಚರ್ ತೆಗೆದುಕೊಳ್ಳುವುದೋ, ಎರಡು ವರ್ಷದ ಸಾರ್ವಜನಿಕ ಕಾಲೇಜಾದ ಹತ್ತಿರದ ಕಮ್ಯೂನಿಟಿ ಕಾಲೇಜಿನಲ್ಲಿ ಇಂಗ್ಲಿಷ್ ಮುಗಿಸುವುದೋ, ಶಾಲೆಯ ಸಾಮಾನ್ಯ ತರಗತಿಯಲ್ಲೇ ಇರುವುದೋ ಎಂಬುದಷ್ಟೇ ಪ್ರಶ್ನೆ.

ಈ ಮೂರನ್ನೂ ನಾನು ಹತ್ತಿರದಿಂದ ಕಂಡಿದ್ದೇನೆ. ಮಗಳು ಎಪಿ ಲಿಟರೇಚರ್ ಓದಿದಳು, ಮಗ ಕಮ್ಯೂನಿಟಿ ಕಾಲೇಜಿನ ದಾರಿ ಹಿಡಿದ, ನಮ್ಮ ಮನೆಯಲ್ಲೇ ಇದ್ದು ಓದಿದ ಮೈದುನನ ಮಗಳು ಸಾಮಾನ್ಯ ತರಗತಿಯಲ್ಲಿ ಉಳಿದಳು. ಇಲ್ಲಿಗೆ ಬರುವ ಮೊದಲು ಕರ್ನಾಟಕದಲ್ಲಿ ಪಿಯು ಕಾಲೇಜಿನ ಕನ್ನಡ ಉಪನ್ಯಾಸಕಿಯಾಗಿದ್ದ ನನಗೆ ಪ್ರಶ್ನೆಪತ್ರಿಕೆ ಕಂಡರೆ ಸುಮ್ಮನಿರಲಾಗುವುದಿಲ್ಲ. ಎಪಿ ಪರೀಕ್ಷೆಗಳನ್ನು ನಡೆಸುವ ಕಾಲೇಜ್ ಬೋರ್ಡ್ ಪ್ರಕಟಿಸಿರುವ ಹಳೆಯ ಎಪಿ ಪ್ರಬಂಧ ಪ್ರಶ್ನೆಗಳನ್ನು ಗಡಿಯಾರ ಇಟ್ಟುಕೊಂಡು ನಾನೂ ಬರೆದಿದ್ದೇನೆ. ಮಗನ ಕಾಲೇಜು ಪ್ರಬಂಧಗಳ ಕರಡುಗಳನ್ನೂ ಓದಿದ್ದೇನೆ.

ಮೊದಲು ಜಿಪಿಎ, ಅಂದರೆ ಗ್ರೇಡುಗಳ ಸರಾಸರಿಯ ಲೆಕ್ಕ, ಏಕೆಂದರೆ ಎಲ್ಲರೂ ಅಲ್ಲಿಂದಲೇ ಆರಂಭಿಸುತ್ತಾರೆ. ಎಪಿ ತರಗತಿಗೆ ಒಂದು ಅಂಕ ಹೆಚ್ಚುವರಿಯಾಗಿ ಸೇರುತ್ತದೆ, ಆದ್ದರಿಂದ ತೆಗೆದುಕೊಳ್ಳಲೇಬೇಕು ಎನ್ನುವ ವಾದ ಸಾಮಾನ್ಯವಾಗಿ ಕೇಳಿಬರುತ್ತದೆ. ಆದರೆ ಯುಸಿ ತನ್ನ ಪ್ರವೇಶಕ್ಕಾಗಿ ಲೆಕ್ಕ ಹಾಕುವ ಜಿಪಿಎಯಲ್ಲಿ ಒಂಬತ್ತನೆಯ ತರಗತಿ ಮುಗಿದ ಬೇಸಿಗೆಯಿಂದ ಹನ್ನೊಂದನೆಯದು ಮುಗಿದ ಬೇಸಿಗೆಯವರೆಗಿನ ಗ್ರೇಡುಗಳು ಮಾತ್ರ ಸೇರುತ್ತವೆ. ಹೆಚ್ಚುವರಿ ಅಂಕವೂ ಎಂಟು ಸೆಮಿಸ್ಟರ್‌ಗಳ ಮಿತಿಗೆ ಒಳಪಟ್ಟಿದೆ. ಎಪಿ ಲಿಟರೇಚರನ್ನು ಬಹುತೇಕ ಶಾಲೆಗಳು ಹನ್ನೆರಡನೆಯ ತರಗತಿಯಲ್ಲಿ ಇಟ್ಟಿರುವುದರಿಂದ, ಅದರಲ್ಲಿ ಎ ಬಂದರೂ ಬಿ ಬಂದರೂ ಆ ಲೆಕ್ಕ ಒಂದು ಕೂದಲೆಳೆಯಷ್ಟೂ ಅಲುಗುವುದಿಲ್ಲ. ಇನ್ನು ಎಪಿ ಪರೀಕ್ಷೆ ನಡೆಯುವುದು ಮೇ ತಿಂಗಳಲ್ಲಿ, ಫಲಿತಾಂಶ ಬರುವುದು ಜುಲೈಯಲ್ಲಿ. ಅಷ್ಟರಲ್ಲಿ ಮಗು ಯಾವ ಕಾಲೇಜಿಗೆ ಹೋಗುವುದೆಂದು ನಿರ್ಧರಿಸಿ ಮುಂಗಡ ಕಟ್ಟಿಯಾಗಿರುತ್ತದೆ. ಹನ್ನೆರಡನೆಯ ತರಗತಿಯಲ್ಲಿ ಕಠಿಣ ವಿಷಯಗಳನ್ನು ಆರಿಸಿಕೊಂಡಿದ್ದಾರೆಯೇ ಎಂಬುದನ್ನು ವಿಶ್ವವಿದ್ಯಾಲಯಗಳು ನೋಡುತ್ತವೆ ಎಂಬುದು ನಿಜ, ಖಾಸಗಿ ಕಾಲೇಜುಗಳು ವರ್ಷದ ನಡುವಿನ ಗ್ರೇಡುಗಳನ್ನೂ ತರಿಸಿಕೊಳ್ಳುತ್ತವೆ. ಆದರೆ ಆ ಕಠಿಣತೆಯನ್ನು ಬೇರೆ ವಿಷಯಗಳಲ್ಲೂ ತೋರಿಸಬಹುದು. ಹೀಗೆ ಜಿಪಿಎ ಆಸೆಯನ್ನು ಬದಿಗಿಟ್ಟು ನೋಡಿದಾಗ ಎಪಿ ಲಿಟರೇಚರ್ ತೆಗೆದುಕೊಳ್ಳಲು ಉಳಿಯುವ ಬಲವಾದ ಕಾರಣ ಒಂದೇ: ಆ ತರಗತಿಯಲ್ಲಿ ನಡೆಯುವ ಓದು. ಆದ್ದರಿಂದ ಹೋಲಿಕೆಯನ್ನೂ ಓದಿನ ಮೇಲೆಯೇ ಮಾಡಬೇಕು ಎಂಬುದು ನನ್ನ ನಿಲುವು.

ಎಪಿ ಲಿಟರೇಚರ್ ಪರೀಕ್ಷೆ ಮೂರು ಗಂಟೆಯದು. ಮೊದಲ ಒಂದು ಗಂಟೆಯಲ್ಲಿ 55 ಬಹು ಆಯ್ಕೆಯ ಪ್ರಶ್ನೆಗಳು, ಅವುಗಳಿಗೆ ಶೇ. 45 ತೂಕ, ಉಳಿದ ಎರಡು ಗಂಟೆಗಳಲ್ಲಿ ಮೂರು ಪ್ರಬಂಧಗಳು, ಶೇ. 55 ತೂಕ. ಒಂದು ಪ್ರಬಂಧ ಕೊಟ್ಟ ಕವಿತೆಯ ಮೇಲೆ, ಇನ್ನೊಂದು ಕಥೆ ಅಥವಾ ಕಾದಂಬರಿಯ ತುಣುಕಿನ ಮೇಲೆ, ಮೂರನೆಯದು ವಿದ್ಯಾರ್ಥಿ ತಾನೇ ಆರಿಸಿಕೊಂಡ ಕೃತಿಯ ಮೇಲೆ. 2025ರಿಂದ ಎಲ್ಲವನ್ನೂ ಕಂಪ್ಯೂಟರಿನಲ್ಲೇ ಬರೆಯಬೇಕು. ಕಡ್ಡಾಯ ಪಠ್ಯಗಳ ಪಟ್ಟಿ ಇಲ್ಲ. ಯಾವ ಕಾದಂಬರಿ, ಯಾವ ನಾಟಕ ಎಂಬುದನ್ನು ಶಿಕ್ಷಕರೇ ನಿರ್ಧರಿಸುತ್ತಾರೆ. ಪಠ್ಯಪುಸ್ತಕದ ಪದ್ಯವನ್ನು ಮೂರು ಸಲ ಪಾಠ ಮಾಡಿ, ಪರೀಕ್ಷೆಗೆ ಮುನ್ನ ನೋಟ್ಸ್ ಕೊಟ್ಟು ರೂಢಿಯಾದ ನನಗೆ, ಹಿಂದೆಂದೂ ಕಂಡಿರದ ಕವಿತೆಯನ್ನು ಎದುರಿಗಿಟ್ಟು ಸುಮಾರು ನಲವತ್ತು ನಿಮಿಷದಲ್ಲಿ ಬರೆಯಿರಿ ಎನ್ನುವ ಕ್ರಮ ಮೊದಲಿಗೆ ಕ್ರೂರವೆನಿಸಿತು. ನಾಲ್ಕಾರು ಕವಿತೆಗಳ ಮೇಲೆ ನಾನೇ ಬರೆದು ನೋಡಿದ ಮೇಲೆ ಅದರಲ್ಲಿ ಒಂದು ನ್ಯಾಯ ಕಂಡಿತು: ಮನೆಪಾಠಕ್ಕೆ ಹೋಗಿ ಬಾಯಿಪಾಠ ಮಾಡಿಕೊಂಡು ಬರುವುದಕ್ಕೆ ಅಲ್ಲಿ ಏನೂ ಇಲ್ಲ.

ಪ್ರತಿ ಪ್ರಬಂಧಕ್ಕೂ ಆರು ಅಂಕ. ಸ್ಪಷ್ಟವಾದ ಪ್ರತಿಪಾದನೆಗೆ ಒಂದು, ಪಠ್ಯದಿಂದ ಆಧಾರ ತೆಗೆದು ಅದನ್ನು ವಿವರಿಸುವುದಕ್ಕೆ ನಾಲ್ಕು, ಓದಿನ ಸೂಕ್ಷ್ಮತೆಗೆ ಕೊನೆಯ ಒಂದು. ಈ ನಡುವಿನ ನಾಲ್ಕು ಅಂಕಗಳಲ್ಲೇ ಮಕ್ಕಳ ಏಳುಬೀಳು ನಡೆಯುತ್ತದೆ. ಸೆಪ್ಟೆಂಬರಿನಲ್ಲಿ ಮಗಳು ಒಂದು ಸುನೀತದ ಮೇಲೆ ಬರೆದ ಪ್ರಬಂಧದಲ್ಲಿ ಮೂರನೆಯ ಸಾಲಿನ ಉಪಮೆ, ಐದನೆಯ ಸಾಲಿನ ರೂಪಕ, ಏಳನೆಯದರ ಅನುಪ್ರಾಸ ಎಲ್ಲವನ್ನೂ ಹುಡುಕಿ ತೆಗೆದು ಹೆಸರಿಸಿದ್ದಳು. ಕರ್ನಾಟಕದ ಹತ್ತನೆಯ ತರಗತಿಯ ಕನ್ನಡ ಪತ್ರಿಕೆಯಲ್ಲಾಗಿದ್ದರೆ ಉಪಮೇಯ, ಉಪಮಾನ, ವಾಚಕಪದ, ಸಮಾನಧರ್ಮಗಳನ್ನು ಬಿಡಿಸಿ ತೋರಿಸಿ, ಲಕ್ಷಣ ಬರೆದು ಸಮನ್ವಯ ಮಾಡಿದವರಿಗೆ ಪೂರ್ಣಾಂಕ ಸಿಗುತ್ತಿತ್ತು. ನಾನೇ ಎಷ್ಟೋ ಉತ್ತರಪತ್ರಿಕೆಗಳಿಗೆ ಹಾಗೆ ಕಣ್ಣು ಮುಚ್ಚಿಕೊಂಡು ಕೊಟ್ಟಿದ್ದೇನೆ. ಇಲ್ಲಿ ಶಿಕ್ಷಕಿ ಪ್ರತಿ ಅಲಂಕಾರದ ಪಕ್ಕದಲ್ಲೂ ಹಸಿರು ಶಾಯಿಯಲ್ಲಿ ಒಂದೇ ಪ್ರಶ್ನೆ ಬರೆದಿದ್ದರು: "ಇದ್ದರೆ ಏನಾಯಿತು?"

ಆ ಪ್ರಶ್ನೆಗೆ ಉತ್ತರ ಬರೆಯಲು ಅವಳಿಗೆ ಡಿಸೆಂಬರ್‌ವರೆಗೆ ಹಿಡಿಯಿತು. ಒಂದು ರಾತ್ರಿ ಇನ್ನೊಂದು ಸುನೀತವನ್ನು ತಂದು, "ಅಮ್ಮಾ, ಎಂಟು ಸಾಲು ಇವನು ಸಮಾಧಾನ ಹೇಳ್ತಾ ಬಂದಿದಾನೆ, ಒಂಬತ್ತನೇ ಸಾಲಲ್ಲಿ ‘ಆದರೆ’ ಅಂತಾನೆ ನೋಡು; ಅಲ್ಲಿಂದ ಮುಂದೆ ವಾಕ್ಯಗಳೆಲ್ಲ ತುಂಡು ತುಂಡು, ಇವನಿಗೇ ಅವನ ಸಮಾಧಾನದ ಮೇಲೆ ನಂಬಿಕೆ ಇಲ್ಲ" ಎಂದಳು. ಅಲಂಕಾರದ ಹೆಸರು ಒಂದೂ ಅವಳ ಬಾಯಲ್ಲಿ ಬರಲಿಲ್ಲ, ಆದರೆ ಕವಿತೆ ತಿರುಗುವ ಜಾಗ ಸಿಕ್ಕಿತ್ತು. ಎಪಿ ಲಿಟರೇಚರ್ ಕೊಡುವುದು ಇದನ್ನು. ಉಳಿದ ಎರಡು ದಾರಿಗಳಲ್ಲಿ ಇದು ಸಿಕ್ಕಿದ್ದನ್ನು ನಾನು ನೋಡಲಿಲ್ಲ.

ಅದಕ್ಕೆ ತೆರಬೇಕಾದ ಬೆಲೆಯೂ ಸಣ್ಣದಲ್ಲ. ಬೇಸಿಗೆ ರಜೆಯಲ್ಲೇ ಓದಬೇಕಾದ ಕಾದಂಬರಿಯಿಂದ ಆರಂಭವಾಗಿ, ಯುಸಿ ಅರ್ಜಿಯ ಗಡುವಾದ ನವೆಂಬರ್ ಕೊನೆಯ ಹೊತ್ತಿಗೆ ಶೇಕ್ಸ್‌ಪಿಯರ್ ನಾಟಕವೂ ಅರ್ಜಿಯ ಪ್ರಬಂಧಗಳೂ ಒಂದರ ಮೇಲೊಂದು ಬೀಳುತ್ತವೆ. ಸಾರಾಂಶ ಓದಿಕೊಂಡು ಹೋಗಿ ತರಗತಿಯ ಚರ್ಚೆಯಲ್ಲಿ ತಲೆಯಾಡಿಸುವ ಮಕ್ಕಳು ಪ್ರತಿ ಸಲವೂ ಇರುತ್ತಾರೆ. ಅವರಿಗೆ ಈ ತರಗತಿ ಹೆಸರಿಗಷ್ಟೇ. ಪ್ರವೇಶ ಸಿಕ್ಕಿದ ಮೇಲೆ, ಮಾರ್ಚ್–ಏಪ್ರಿಲ್‌ನಲ್ಲಿ, ಒಳ್ಳೆಯ ವಿದ್ಯಾರ್ಥಿಗಳ ಆಸಕ್ತಿಯೂ ಕುಗ್ಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಪಠ್ಯಗಳ ಆಯ್ಕೆ ಶಿಕ್ಷಕರ ಕೈಯಲ್ಲಿರುವುದರಿಂದ ತರಗತಿಯ ಗುಣವೂ ಅವರ ಕೈಯಲ್ಲೇ ಇರುತ್ತದೆ. ಪಕ್ಕದ ಊರಿನ ಶಾಲೆಯೊಂದರಲ್ಲಿ ಇದೇ ಹೆಸರಿನ ತರಗತಿ ವರ್ಷಪೂರ್ತಿ ಬಹು ಆಯ್ಕೆಯ ಪ್ರಶ್ನೆಗಳ ಅಭ್ಯಾಸವಾಗಿ ಮುಗಿದದ್ದನ್ನು ಗೆಳತಿಯ ಮಗನಿಂದ ಕೇಳಿದ್ದೇನೆ. ಅಂಥ ತರಗತಿಗಿಂತ ಮುಂದೆ ಹೇಳುವ ಎರಡರಲ್ಲಿ ಯಾವುದಾದರೂ ಮೇಲು.

ಕಮ್ಯೂನಿಟಿ ಕಾಲೇಜಿನದು ಬೇರೆಯೇ ಲೆಕ್ಕ. ಹೈಸ್ಕೂಲು ವಿದ್ಯಾರ್ಥಿಗಳಿಗೆ ಅಲ್ಲಿ ಸಾಮಾನ್ಯವಾಗಿ ಬೋಧನಾ ಶುಲ್ಕ ಇರುವುದಿಲ್ಲ. ಶಾಲೆಯ ಕೌನ್ಸೆಲರ್ ಮತ್ತು ಪೋಷಕರ ಸಹಿ ಇರುವ ಅನುಮತಿ ಪತ್ರ ಬೇಕು, ಪುಸ್ತಕದ ಖರ್ಚು ನಮ್ಮದು. ಮಗ ಹನ್ನೊಂದನೆಯ ತರಗತಿ ಮುಗಿದ ಬೇಸಿಗೆಯಲ್ಲಿ, ಇಡೀ ಸೆಮಿಸ್ಟರನ್ನು ಆರು ವಾರಗಳಿಗೆ ಕುಗ್ಗಿಸಿದ ಮೊದಲ ಕಾಲೇಜು ಇಂಗ್ಲಿಷ್ ಕೋರ್ಸನ್ನು ಆನ್‌ಲೈನಿನಲ್ಲಿ ತೆಗೆದುಕೊಂಡ. ಕಾಲೇಜಿನ ಒಂದು ಸೆಮಿಸ್ಟರ್ ಕೋರ್ಸನ್ನು ಯುಸಿ ಹೈಸ್ಕೂಲಿನ ಒಂದು ವರ್ಷಕ್ಕೆ ಸಮವೆಂದು ಪರಿಗಣಿಸುತ್ತದೆ, ಮತ್ತು ಆ ಬೇಸಿಗೆಯ ಗ್ರೇಡು ಅದರ ಜಿಪಿಎಗೂ ಸೇರುತ್ತದೆ. ಅಂದರೆ ಅಂಕದ ಲೆಕ್ಕವೇ ಮುಖ್ಯವೆನ್ನುವವರಿಗೆ ಎಪಿ ಲಿಟರೇಚರಿಗಿಂತ ಈ ದಾರಿಯೇ ಲಾಭದ್ದು. ವಿಚಿತ್ರವೆಂದರೆ, ಅಂಥವರೇ ಈ ಕಡೆ ತಿರುಗಿಯೂ ನೋಡುವುದಿಲ್ಲ.

ಅಲ್ಲಿ ಅವನು ಕಲಿತದ್ದು ಸಂಶೋಧನಾ ಪ್ರಬಂಧ ಬರೆಯುವುದನ್ನು. ಗ್ರಂಥಾಲಯದ ದತ್ತಾಂಶ ಕೋಶದಿಂದ ಲೇಖನ ಹುಡುಕಿ, ಉಲ್ಲೇಖವನ್ನು ನಿಯಮದಂತೆ ಕೊಟ್ಟು, ಎದುರು ವಾದವನ್ನು ಎತ್ತಿ ಉತ್ತರಿಸಿ, ಎರಡು ಕರಡು ತಿದ್ದಿದ ಮೇಲೆ ಒಪ್ಪಿಸಬೇಕಿತ್ತು. ಎಪಿಯ ನಲವತ್ತು ನಿಮಿಷದ ಬರವಣಿಗೆಯಲ್ಲಿ ತಿದ್ದುವುದಕ್ಕೆ ಅವಕಾಶವೇ ಇಲ್ಲ. ತಿದ್ದಿ ಬರೆಯುವ ಶಿಸ್ತಿನಲ್ಲಿ ಕಮ್ಯೂನಿಟಿ ಕಾಲೇಜು ಸ್ಪಷ್ಟವಾಗಿ ಮುಂದಿದೆ. ಆದರೆ ಓದಿದ್ದರಲ್ಲಿ ಸಾಹಿತ್ಯ ಕಡಿಮೆ, ಹೆಚ್ಚಿನವು ವಿಚಾರ ಲೇಖನಗಳು. ಚರ್ಚೆ ಎಂದರೆ ಪ್ರತಿ ವಾರ ಡಿಸ್ಕಷನ್ ಬೋರ್ಡಿನಲ್ಲಿ ಒಂದು ಟಿಪ್ಪಣಿ ಹಾಕಿ, ಇಬ್ಬರಿಗೆ "ನಿಮ್ಮ ಅಭಿಪ್ರಾಯ ಒಪ್ಪುತ್ತೇನೆ" ಎಂದು ಮರುಟಿಪ್ಪಣಿ ಬರೆಯುವುದು. ಅದನ್ನು ಚರ್ಚೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಇದರಲ್ಲಿ ಪೋಷಕರು ಗಮನಿಸದ ಒಂದು ಅಪಾಯವಿದೆ. ಎಪಿ ಪರೀಕ್ಷೆಯಲ್ಲಿ 5ಕ್ಕೆ 2 ಬಂದರೆ ಅದನ್ನು ಯಾರಿಗೂ ಕಳುಹಿಸದೆ ಇರಬಹುದು. ಕಮ್ಯೂನಿಟಿ ಕಾಲೇಜಿನ ಗ್ರೇಡು ಹದಿನೇಳನೆಯ ವಯಸ್ಸಿನಲ್ಲೇ ತೆರೆದುಕೊಂಡ ಕಾಯಂ ಕಾಲೇಜು ದಾಖಲೆಯಾಗಿ ಉಳಿಯುತ್ತದೆ. ಮುಂದೆ ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕುವಾಗಲೂ ಅದನ್ನು ತೋರಿಸಬೇಕು. ಆರು ವಾರಗಳ ಕೋರ್ಸಿನ ನಡುವೆ ಊರಿಗೆ ಹೋಗಿಬರುವ ಯೋಜನೆ ಇರುವವರು ಇದನ್ನು ಮುಟ್ಟದಿರುವುದೇ ಕ್ಷೇಮ.

ಸಾಮಾನ್ಯ ತರಗತಿಯ ಬಗ್ಗೆ ಹೇಳುವುದು ಸ್ವಲ್ಪ, ಆದರೆ ಅದನ್ನು ಕಡೆಗಣಿಸುವುದು ಸರಿಯಲ್ಲ. ಇಲ್ಲಿನ ಹಲವು ಶಾಲೆಗಳು ಹನ್ನೆರಡನೆಯ ತರಗತಿಗೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯವರು ರೂಪಿಸಿದ ಓದು–ಬರವಣಿಗೆಯ ಕೋರ್ಸನ್ನು ಇಟ್ಟಿವೆ. ಪತ್ರಿಕೆಯ ಅಭಿಪ್ರಾಯ ಲೇಖನವನ್ನು ತೆಗೆದುಕೊಂಡು, ಬರೆದವರು ಯಾರನ್ನು ಉದ್ದೇಶಿಸುತ್ತಿದ್ದಾರೆ, ಯಾವುದನ್ನು ಹೇಳದೆ ಬಿಟ್ಟಿದ್ದಾರೆ ಎಂದು ಅಂಚಿನಲ್ಲಿ ಗುರುತು ಹಾಕುತ್ತಾ ಓದುವುದನ್ನು ಅಲ್ಲಿ ಕಲಿಸುತ್ತಾರೆ. ಮೈದುನನ ಮಗಳು ಆ ವರ್ಷ ಎಪಿ ಫಿಸಿಕ್ಸ್, ಎಪಿ ಕ್ಯಾಲ್ಕುಲಸ್‌ಗಳ ಜೊತೆಗೆ ರೊಬಾಟಿಕ್ಸ್ ತಂಡದಲ್ಲೂ ಇದ್ದಳು. "ದೊಡ್ಡಮ್ಮ, ಇಂಗ್ಲಿಷ್ ಒಂದರಲ್ಲಾದರೂ ಉಸಿರಾಡ್ತೀನಿ" ಎಂದು ಹೇಳಿಯೇ ಅದನ್ನು ಆರಿಸಿದಳು, ಚೆನ್ನಾಗಿಯೇ ಓದಿದಳು. ಅವಳು ಎಪಿ ಲಿಟರೇಚರಿಗೆ ಸೇರಿದ್ದರೆ ಸಾರಾಂಶ ಓದುವವರ ಸಾಲಿಗೆ ಇನ್ನೊಬ್ಬಳು ಸೇರುತ್ತಿದ್ದಳು, ಅಷ್ಟೆ.

ಹನ್ನೊಂದನೆಯ ತರಗತಿಯಲ್ಲಿ ಬರುವ ಎಪಿ ಲ್ಯಾಂಗ್ವೇಜನ್ನು ಕೆಲವರು ಲಿಟರೇಚರಿಗೆ ಪ್ರತಿಸ್ಪರ್ಧಿ ಎಂದುಕೊಳ್ಳುತ್ತಾರೆ. ಅದರಲ್ಲಿ ಕಥೆ–ಕವಿತೆಗಳಿಲ್ಲ, ಭಾಷಣ, ಪತ್ರ, ಲೇಖನಗಳು ಹೇಗೆ ಮನವೊಲಿಸುತ್ತವೆ ಎಂಬುದರ ವಿಶ್ಲೇಷಣೆಯಿದೆ. ಹನ್ನೊಂದರಲ್ಲಿ ಇರುವುದರಿಂದ ಅದರ ಗ್ರೇಡು ಯುಸಿ ಜಿಪಿಎಗೆ ಸೇರುತ್ತದೆ. ಎರಡರಲ್ಲಿ ಒಂದೇ ಸಾಧ್ಯ ಎನ್ನುವ ಮಗುವಿಗೆ, ಅದರಲ್ಲೂ ಎಂಜಿನಿಯರಿಂಗ್ ಕಡೆ ಹೋಗುವವರಿಗೆ, ನಾನು ಲ್ಯಾಂಗ್ವೇಜನ್ನೇ ಹೇಳುತ್ತೇನೆ. ಲಿಟರೇಚರನ್ನು ಹೇಳುವುದು ಒಂದು ಪುಟವನ್ನು ಎರಡು ಸಲ ಓದಲು ಬೇಸರಪಡದ ಮಗುವಿಗೆ ಮಾತ್ರ. ಇಂಗ್ಲಿಷಿನಲ್ಲಿ ಎ ಬರುತ್ತಿದೆಯೇ ಎಂಬುದು ಇದಕ್ಕೆ ಒಳ್ಳೆಯ ಸೂಚನೆಯಲ್ಲ. ಸಿನಿಮಾ ನೋಡಿ ಬಂದ ಮೇಲೆ ಆ ಪಾತ್ರ ಹಾಗೇಕೆ ಮಾಡಿತು ಎಂದು ಊಟದ ಹೊತ್ತಿಗೂ ವಾದಿಸುವ ಮಗು, ಗ್ರೇಡು ಬಿ ಇದ್ದರೂ, ಈ ತರಗತಿಯಲ್ಲಿ ಅರಳುತ್ತದೆ. ಸೇರಿಸುವ ಮೊದಲು ಹಿಂದಿನ ವರ್ಷದ ಪಠ್ಯಸೂಚಿಯನ್ನು ಕೇಳಿ ಪಡೆದು, ಇಡಿಯಾಗಿ ಓದಿಸುವ ಕೃತಿಗಳು ಎಷ್ಟು, ಶಿಕ್ಷಕರು ತಿದ್ದಿ ಕೊಡುವ ಪ್ರಬಂಧಗಳು ಎಷ್ಟು ಎಂದು ನೋಡಿದರೆ ಉಳಿದದ್ದು ತಿಳಿಯುತ್ತದೆ.

ಇನ್ನು ಪರೀಕ್ಷೆಯ ಮಾತು. 2022ರ ನಂತರ ಎಪಿ ಲಿಟರೇಚರ್ ಬರೆದವರಲ್ಲಿ ಶೇ. 70ಕ್ಕಿಂತ ಹೆಚ್ಚು ಮಂದಿ 3 ಅಥವಾ ಅದಕ್ಕಿಂತ ಹೆಚ್ಚು ಪಡೆಯುತ್ತಿದ್ದಾರೆ. ಮೊದಲಿನಷ್ಟು ಅಂಜಿಕೆಗೆ ಕಾರಣವಿಲ್ಲ. ಆದರೆ ತರಗತಿಗೆ ಸೇರಿದವರೆಲ್ಲ ಪರೀಕ್ಷೆ ಬರೆಯಲೇಬೇಕೆಂದು ಕಾಲೇಜ್ ಬೋರ್ಡಿನ ನಿಯಮವಿಲ್ಲ. ಯುಸಿಯಲ್ಲಿ ಲ್ಯಾಂಗ್ವೇಜ್ ಮತ್ತು ಲಿಟರೇಚರ್ ಎರಡೂ ಪರೀಕ್ಷೆಗಳಿಗೆ ಸೇರಿ ಪದವಿಗೆ ಜಮೆಯಾಗುವ ಯೂನಿಟ್‌ಗಳ ಮಿತಿ ಒಂದೇ ಆಗಿರುವುದರಿಂದ, ಲ್ಯಾಂಗ್ವೇಜಿನಲ್ಲಿ ಆಗಲೇ ತೇರ್ಗಡೆಯಾಗಿ ಯುಸಿ ಕ್ಯಾಂಪಸ್ಸಿಗೇ ಹೋಗುವ ಉದ್ದೇಶವಿರುವ ಮಗುವಿಗೆ ಎರಡನೆಯ ಪರೀಕ್ಷೆಯಿಂದ ಹೆಚ್ಚಿನ ಯೂನಿಟ್ ಸಿಗುವುದಿಲ್ಲ. ಸುಮಾರು 100 ಡಾಲರ್ ಶುಲ್ಕವನ್ನು ಉಳಿಸಬಹುದು. ಖಾಸಗಿ ಅಥವಾ ಹೊರರಾಜ್ಯದ ಕಾಲೇಜುಗಳಿಗೂ ಅರ್ಜಿ ಹಾಕುವವರು ಆಯಾ ಕಾಲೇಜಿನ ಎಪಿ ಪಟ್ಟಿಯನ್ನು ಮೊದಲು ನೋಡಿಕೊಳ್ಳಬೇಕು. ಪರೀಕ್ಷೆಗೆ ಹೆಸರು ಕೊಡುವ ಗಡುವು ನವೆಂಬರ್ ಮಧ್ಯದಲ್ಲೇ ಮುಗಿಯುತ್ತದೆ, ಆಮೇಲೆ ಸೇರಿದರೂ ಹಿಂತೆಗೆದರೂ ದಂಡವಿದೆ. ಆದ್ದರಿಂದ ಈ ತೀರ್ಮಾನವನ್ನು ದೀಪಾವಳಿಯ ಆಸುಪಾಸಿನಲ್ಲೇ ಮಾಡಿಕೊಂಡರೆ ಒಳ್ಳೆಯದು.