ಬಾರ್ಡರ್‌ಲೈನ್ ಥೈರಾಯ್ಡ್‌ಗೆ ಲೆವೋಥೈರಾಕ್ಸಿನ್ 25: ಏಳು ತಿಂಗಳ ಅನುಭವ

"ಥೈರಾಯ್ಡ್ ಬಾರ್ಡರ್‌ನಲ್ಲಿದೆ" ಅನ್ನೋ ರಿಪೋರ್ಟ್ ಹಿಡಿದು ಲೆವೋಥೈರಾಕ್ಸಿನ್, ಅಂದರೆ ಥೈರಾಯ್ಡ್ ಹಾರ್ಮೋನಿನ ಮಾತ್ರೆ, ಶುರು ಮಾಡಲೋ ಬೇಡವೋ ಅಂತ ಕೂತಿದ್ದೀರಾ? ನಾನೂ ಹಾಗೇ ಕೂತಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ನನಗೆ 39 ವರ್ಷ. ಮಧ್ಯಾಹ್ನ ಎರಡಾಗುವಷ್ಟರಲ್ಲಿ ಕಣ್ಣು ಎಳೆಯುತ್ತಿತ್ತು, ಮಲಬದ್ಧತೆ, ಹಿಮ್ಮಡಿ ಒಡೆದು ಉರಿ, ಎಲ್ಲರೂ ಸೆಕೆ ಅಂತ ಫ್ಯಾನ್ ಹಾಕಿದರೆ ನನಗೊಬ್ಬಳಿಗೇ ಚಳಿ. ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯ ಕೆಲಸ ಕುಗ್ಗಿದಾಗ ಏರುವ ಹಾರ್ಮೋನ್) 8.1 ಬಂತು, ಅಂದರೆ ಜಾಸ್ತಿ. ಫ್ರೀ ಟಿ4 (ಥೈರಾಯ್ಡ್ ಗ್ರಂಥಿಯೇ ಮಾಡುವ ಹಾರ್ಮೋನ್) ಮಾತ್ರ ಸರಿಯಾಗಿಯೇ ಇತ್ತು. ಮೊದಲು ಹೋದ ಕ್ಲಿನಿಕ್‌ನಲ್ಲಿ ಎರಡೇ ನಿಮಿಷದಲ್ಲಿ ಚೀಟಿ ಬರೆದು, ಇನ್ನು ಜೀವನಪೂರ್ತಿ ತಗೋಬೇಕು ಅಂದರು. ನನಗೆ ಅಳುವೇ ಬಂದಿತ್ತು.

ಎರಡನೇ ಡಾಕ್ಟರ್ ಅವಸರ ಮಾಡಲಿಲ್ಲ. "ಬೇರೆ ಕಾಯಿಲೆ ಬಂದು ಹೋದಾಗಲೂ ಸ್ವಲ್ಪ ದಿನ ಏರಿರುತ್ತಮ್ಮ, ಎರಡು ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ" ಅಂದರು. ಮತ್ತೆ ನೋಡಿದಾಗ 8.7. ಜೊತೆಗೆ ಆಂಟಿ ಟಿಪಿಒ ಪಾಸಿಟಿವ್, ಅಂದರೆ ನಮ್ಮ ದೇಹವೇ ಥೈರಾಯ್ಡ್ ಗ್ರಂಥಿಯ ಮೇಲೆ ತಿರುಗಿ ಬಿದ್ದಿದೆ, ಮುಂದೆ ಇದು ಪೂರ್ತಿ ಕೊರತೆಗೆ ಹೋಗುವ ಸಾಧ್ಯತೆ ಜಾಸ್ತಿ. ಆಮೇಲೆಯೇ 25 ಮೈಕ್ರೋಗ್ರಾಮ್ ಶುರು ಮಾಡಿದ್ದು.

ನಮ್ಮ ಅತ್ತೆಗೆ 74, ಅವರ ಟಿಎಸ್‌ಎಚ್ 6.4. ಅದೇ ಡಾಕ್ಟರ್ ಅವರಿಗೆ ಮಾತ್ರೆಯೇ ಬೇಡ ಅಂದರು. ವಯಸ್ಸಾದಂತೆ ಈ ಅಂಕಿ ಸ್ವಲ್ಪ ಮೇಲೆ ಹೋಗೋದು ಸಹಜವಂತೆ. 2017ರಲ್ಲಿ ಯುರೋಪಿನಲ್ಲಿ 65 ದಾಟಿದ 737 ಜನರ ಮೇಲೆ ನಡೆದ ಅಧ್ಯಯನದಲ್ಲೂ ಇಂಥ ಬಾರ್ಡರ್ ಕೇಸಿನವರ ಸುಸ್ತು ಮಾತ್ರೆಯಿಂದ ಕಡಿಮೆಯಾಗಲಿಲ್ಲ. ಡೋಸ್ ಹೆಚ್ಚಾದರೆ ಎದೆಬಡಿತ ಏರುಪೇರಾಗುತ್ತೆ, ಮೂಳೆ ಸವೆಯುತ್ತೆ. ಒಂದೇ ಮನೆಯಲ್ಲಿ ಒಬ್ಬರಿಗೆ ಬೇಕು, ಒಬ್ಬರಿಗೆ ಬೇಡ. ಆದ್ದರಿಂದ ಪಕ್ಕದ ಮನೆಯವರ ರಿಪೋರ್ಟ್ ನೋಡಿ ಮಾತ್ರೆ ತಗೋಬೇಡಿ, ದಯವಿಟ್ಟು.

ಇನ್ನು ಮಾತ್ರೆಯ ವಿಷಯ. ಮೊದಲ ಎಂಟು ವಾರ ನನಗೆ ಏನೂ ಅನ್ನಿಸಲಿಲ್ಲ, ಟಿಎಸ್‌ಎಚ್ 6.9ಕ್ಕೆ ಮಾತ್ರ ಇಳಿದಿತ್ತು. ಡೋಸ್ ಏರಿಸುತ್ತಾರೆ ಅಂದುಕೊಂಡೆ. ಡಾಕ್ಟರ್ ಕೇಳಿದ್ದು, ಬೆಳಿಗ್ಗೆ ಎದ್ದು ಏನೇನು ತಗೋತೀರಿ ಅಂತ. ಮಾತ್ರೆ ನುಂಗಿ ಹತ್ತು ನಿಮಿಷಕ್ಕೆ ಫಿಲ್ಟರ್ ಕಾಫಿ, ತಿಂಡಿ ಆದ ಕೂಡಲೇ ರಕ್ತ ಕಡಿಮೆ ಇದೆ ಅಂತ ಕೊಟ್ಟಿದ್ದ ಕಬ್ಬಿಣದ ಮಾತ್ರೆ. ಎರಡೂ ತಪ್ಪಂತೆ! ಕಾಫಿಯೂ ಕಬ್ಬಿಣವೂ ಈ ಮಾತ್ರೆ ಮೈಗೆ ಹತ್ತದಂತೆ ತಡೆಯುತ್ತವೆ, ಕ್ಯಾಲ್ಸಿಯಂ ಮಾತ್ರೆಯೂ ಅಷ್ಟೇ. ಈಗ ಐದೂವರೆಗೆ ಬರೀ ನೀರಿನಲ್ಲಿ ಮಾತ್ರೆ, ಆರೂವರೆಗೆ ಕಾಫಿ, ಕಬ್ಬಿಣ ಮಧ್ಯಾಹ್ನದ ಊಟ ಆದ ಮೇಲೆ, ಅಂದರೆ ನಾಲ್ಕು ಗಂಟೆಗಿಂತ ಜಾಸ್ತಿ ಅಂತರ. ಕಾಫಿ ಇಲ್ಲದ ಆ ಒಂದು ಗಂಟೆ ಮೊದಲ ವಾರ ತುಂಬಾ ಕಷ್ಟ, ಆಮೇಲೆ ಅಭ್ಯಾಸ ಆಯಿತು. ಅದೇ ಡೋಸ್, ಮತ್ತೆ ಎಂಟು ವಾರ ಬಿಟ್ಟು ನೋಡಿದರೆ 3.2.

ಮಧ್ಯಾಹ್ನದ ನಿದ್ದೆ ಹೋಗಿದೆ, ಹೊಟ್ಟೆ ಸರಿಯಾಗಿದೆ, ಚಳಿಯೂ ಕಡಿಮೆ. ತೂಕ ಒಂದೂವರೆ ಕೆಜಿ ಇಳಿದಿದೆ, ಅಷ್ಟೇ. ತೂಕ ಇಳಿಸಲಿಕ್ಕೆಂದೇ ಇದನ್ನು ತಗೊಳ್ಳುವವರಿಗೆ ನಿರಾಸೆ ಆಗುತ್ತೆ. ಕೂದಲು ಉದುರೋದು ಇನ್ನೂ ಪೂರ್ತಿ ನಿಂತಿಲ್ಲ. ಅದಕ್ಕೆ ಅಂತ ಬಯೋಟಿನ್ ವಿಟಮಿನ್ ತಗೊಳ್ಳುವವರಿದ್ದರೆ ಟೆಸ್ಟ್‌ಗೆ ರಕ್ತ ಕೊಡುವ ಎರಡು ದಿನ ಮೊದಲೇ ನಿಲ್ಲಿಸಿ, ಇಲ್ಲದಿದ್ದರೆ ರಿಪೋರ್ಟ್ ತಪ್ಪು ಬರಬಹುದು.

ಖರ್ಚು ಕಡಿಮೆಯೇ, ನನಗೆ ದಿನಕ್ಕೆ ಎರಡು ರೂಪಾಯಿ ಆಸುಪಾಸು. ಒಮ್ಮೆ ಮೆಡಿಕಲ್ ಶಾಪ್‌ನಲ್ಲಿ ಬೇರೆ ಕಂಪನಿಯದು ಕೊಡಲು ಬಂದರು, ಬೇಡ ಅಂತ ಮಾರನೇ ದಿನದವರೆಗೆ ಕಾದು ಹಳೆಯದನ್ನೇ ತಂದೆ. ಕಂಪನಿ ಬದಲಾದರೆ ಮತ್ತೆ ಟೆಸ್ಟ್ ಮಾಡಿಸಿ ನೋಡಬೇಕಾಗುತ್ತೆ. ಬಾಟಲಿಯನ್ನು ಒಲೆಯ ಹತ್ತಿರ ಇಡಬೇಡಿ, ಬಿಸಿಗೂ ತೇವಕ್ಕೂ ಮಾತ್ರೆ ಕೆಡುತ್ತೆ. ನನ್ನದು ಮಂಚದ ಪಕ್ಕ, ನೀರಿನ ಚೊಂಬಿನ ಜೊತೆಗೇ ಇರುತ್ತೆ.