ಅಜೋಲಾ ಬೆಡ್ ಕಿಟ್: ಚೀಲ ಗಟ್ಟಿ, ಜೊತೆಗೆ ಬರುವ ಯೂರಿಯಾ ಬೇಡ

ಅಜೋಲಾ ನೀರಿನ ಮೇಲೆ ತೇಲಿ ಬೆಳೆಯುವ ಪುಟ್ಟ ಜರೀಗಿಡ, ದನಗಳಿಗೆ ಮೇವು. ಅದನ್ನು ಬೆಳೆಯಲು ಹೈನುಗಾರರಿಗೆಂದು ಮಾರುವ 12×4×1 ಅಡಿಯ ಈ ಕಿಟ್‌ನಲ್ಲಿ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಚೀಲ, 1 ಕಿಲೋ ಕಲ್ಚರ್ (ಬಿತ್ತನೆಗೆ ಬಿಡುವ ಜೀವಂತ ಅಜೋಲಾ), ಸೂಪರ್ ಫಾಸ್ಫೇಟ್ ಮತ್ತು ಯೂರಿಯಾ ಪೊಟ್ಟಣಗಳಿವೆ. ಚೀಲದ ಬಗ್ಗೆ ದೂರಿಲ್ಲ. ಹೊಲಿಗೆಯಲ್ಲಿ ನೀರು ಜಿನುಗುವುದಿಲ್ಲ. ನೆಲದ ಕಲ್ಲು ಆರಿಸಿ, ಮಟ್ಟ ಮಾಡಿ ಹಾಸಿದರೆ ಸಾಕು.

ಸಾರಜನಕದ ಗೊಬ್ಬರವಾದ ಯೂರಿಯಾ ಮಾತ್ರ ಇರಲೇಬಾರದಿತ್ತು. ಅಜೋಲಾದ ಪ್ರತಿ ಎಲೆಯ ಮೇಲಿನ ಹೋಳಿನಲ್ಲಿ ಸಣ್ಣ ಪೊಳ್ಳು ಇದೆ. ಹಳೆಯ ಪುಸ್ತಕಗಳು ಅನಬೀನಾ ಎನ್ನುವ, ಈಗ ನಾಸ್ಟಾಕ್ ಎಂದು ಗುರುತಿಸುವ ನೀಲಿ-ಹಸಿರು ಬ್ಯಾಕ್ಟೀರಿಯಾ ಅದರೊಳಗೇ ಬದುಕುತ್ತದೆ. ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುವುದು ಇದೇ. ಒಣತೂಕದ ಶೇ 20–30ರಷ್ಟು ಪ್ರೋಟೀನ್ ಬರುವುದೂ ಇದರ ದುಡಿಮೆಯಿಂದ. ಯೂರಿಯಾ ಹಾಕಿದರೆ ಅದರ ಕೆಲಸ ತಗ್ಗುತ್ತದೆ, ಬೆಡ್ಡಿನಲ್ಲಿ ಪಾಚಿ ಕೊಬ್ಬುತ್ತದೆ.

ಬೇಕಾದದ್ದು ರಂಜಕ, ಸೂಪರ್ ಫಾಸ್ಫೇಟ್ ಕೊಡುವುದು ಅದನ್ನೇ. ಸಾರಜನಕ ಹಿಡಿಯಲು ತುಂಬ ಶಕ್ತಿ ಬೇಕು, ರಂಜಕವಿಲ್ಲದೆ ಅದು ಒದಗದು. ಜರಡಿ ಹಿಡಿದ ಮಣ್ಣು 10–15 ಕಿಲೋ ಹರಡಿ. 2 ಕಿಲೋ ಸಗಣಿ, 30 ಗ್ರಾಂ ಸೂಪರ್ ಫಾಸ್ಫೇಟನ್ನು 10 ಲೀಟರ್ ನೀರಲ್ಲಿ ಕದಡಿ ಸುರಿಯಿರಿ. ನೀರು 10 ಸೆಂ.ಮೀ. ನಿಂತ ಮೇಲೆ ಕಲ್ಚರ್ ಬಿಡಿ. ಆಮೇಲೆ 5 ದಿನಕ್ಕೊಮ್ಮೆ 1 ಕಿಲೋ ಸಗಣಿ, 20 ಗ್ರಾಂ ಫಾಸ್ಫೇಟ್; 10 ದಿನಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ. ಕಿಟ್‌ನ ಕೈಪಿಡಿಯಲ್ಲಿ ನೀರು ಬದಲಿಸುವ ಮಾತೇ ಇಲ್ಲ, ದೊಡ್ಡ ಕೊರತೆ.

ಎಲೆ ಕೆಂಪಾದರೆ ಮೊದಲು ಶೇಡ್ ನೆಟ್ ಕಟ್ಟಿ, ಬಿಸಿಲು ಹೆಚ್ಚಾದರೂ ಹಾಗಾಗುತ್ತದೆ. ನೆರಳಲ್ಲೂ ಕೆಂಪು ಉಳಿದು ಬೇರು ಉದ್ದವಾದರೆ ರಂಜಕದ ಕೊರತೆ. 35 ಡಿಗ್ರಿ ದಾಟುವ ಬಿಸಿಲಿನ ರಾಯಚೂರು, ಕಲಬುರಗಿ ಕಡೆ ನೆರಳಿಲ್ಲದೆ ಬೇಸಿಗೆಯಲ್ಲಿ ಬೆಡ್ ಉಳಿಯದು. ಬೆಳೆದದ್ದನ್ನು ತೆಗೆಯದೆ ಬಿಟ್ಟರೆ ಒಂದರ ಮೇಲೊಂದು ಒತ್ತಿ ಅಡಿಯದು ಕೊಳೆಯುತ್ತದೆ.

ಕಲ್ಚರ್ ಪಡೆಯುವಾಗ ಕವರ್ ಬಿಚ್ಚಿ ಮೂಸಿ ನೋಡಿ. ಕಪ್ಪಾಗಿ ನಾರುತ್ತಿದ್ದರೆ ವಾಪಸ್ ಕೊಡಿ. ಒಣಗಿದ ಅಜೋಲಾ ಪುಡಿ ಮೇವಿಗೆ ಸರಿ, ಅದರಿಂದ ಬೆಡ್ ಎಬ್ಬಿಸಲಾಗದು. ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ತಾಜಾ ಕಲ್ಚರ್ ಸಿಗುವುದಾದರೆ ಬರೀ ಚೀಲ ಕೊಳ್ಳುವುದೇ ಲೇಸು.

ದಿನಕ್ಕೆ 2 ಕಿಲೋ ಇಳುವರಿ ಎಂಬ ಲೇಬಲ್ ನಂಬಬೇಡಿ. ಇಷ್ಟಗಲದಲ್ಲಿ ಅರ್ಧದಿಂದ ಮುಕ್ಕಾಲು ಕಿಲೋ ಬರುತ್ತದೆ, ಅದರಲ್ಲೂ ಶೇ 90ಕ್ಕಿಂತ ಹೆಚ್ಚು ನೀರೇ. ಸಗಣಿ ವಾಸನೆ ಹೋಗುವಂತೆ ತೊಳೆದು, ಹಿಂಡಿ-ಬೂಸಾದ ಜೊತೆ ಕಲಸಿ ಕೊಡಿ. ಒಂದು ಹಸುವಿಗೆ ದಿನಕ್ಕೆ 2 ಕಿಲೋ ಕೊಡಬೇಕೆಂದರೆ ಇಂಥ ಮೂರು-ನಾಲ್ಕು ಬೆಡ್ ಬೇಕು.