ಹಾಡಿಯಿಂದ ಬಂದ ಹುಡುಗನನ್ನು ಎಲ್ಲಿ ಇಳಿಸಬೇಕು? ಮೈಸೂರಿನ ಒಂದು ವಿದ್ಯಾರ್ಥಿನಿಲಯದ ಬಗ್ಗೆ

ಹೆಗ್ಗಡದೇವನಕೋಟೆ, ಸರಗೂರು, ಹುಣಸೂರು ಕಡೆಯ ಪದವಿಪೂರ್ವ ಕಾಲೇಜುಗಳಲ್ಲಿ ಪಾಠ ಮಾಡುವ ಮಿತ್ರರು ಪ್ರತಿ ವರ್ಷ ಫಲಿತಾಂಶ ಬಂದ ವಾರದಲ್ಲೇ ನನಗೆ ಫೋನ್ ಮಾಡುತ್ತಾರೆ. ಕೇಳುವುದು ಹೆಚ್ಚುಕಡಿಮೆ ಒಂದೇ ಮಾತು: ‘ನಮ್ಮ ಹಾಡಿಯ ಹುಡುಗನೊಬ್ಬ ಪಾಸಾಗಿದ್ದಾನೆ ಸರ್, ಮೈಸೂರಿಗೆ ಕಳಿಸಿದರೆ ಎಲ್ಲಿ ಇಳಿಸಬೇಕು?’ ಹಾಡಿ ಎಂದರೆ ಕಾಡಿನ, ಕಾಡಂಚಿನ ಬುಡಕಟ್ಟು ಜನರ ಊರು. ಮೈಸೂರಿನ ಪದವಿ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಬೋಧಿಸುವ ನಾನು ಆರು ವರ್ಷಗಳಿಂದ ಇಂಥ ಹುಡುಗರನ್ನು ಪರಿಶಿಷ್ಟ ಪಂಗಡದವರಿಗೆಂದು ಸರ್ಕಾರ ನಡೆಸುತ್ತಿರುವ ಒಂದು ಮೆಟ್ರಿಕ್ ನಂತರದ ಬಾಲಕರ ವಿದ್ಯಾರ್ಥಿನಿಲಯಕ್ಕೆ ಸೇರಿಸುತ್ತ ಬಂದಿದ್ದೇನೆ. ಅಲ್ಲಿ ಊಟ ಮಾಡಿದ್ದೇನೆ, ಕಚೇರಿಯ ಮುಂದಿನ ಬೆಂಚಿನ ಮೇಲೆ ಗಂಟೆಗಟ್ಟಲೆ ಕಾದಿದ್ದೇನೆ, ಮೂವರು ವಾರ್ಡನ್‌ಗಳು ಬದಲಾದದ್ದನ್ನು ನೋಡಿದ್ದೇನೆ. ಫೋನಿನಲ್ಲಿ ಅರ್ಧಂಬರ್ಧ ಹೇಳುವುದನ್ನು ಒಮ್ಮೆ ಪೂರ್ತಿಯಾಗಿ ಬರೆದಿಡುವುದು ವಾಸಿ ಎನಿಸಿತು. ನಿಲಯದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇಂಥ ನಿಲಯಗಳು ಊರಿನಲ್ಲಿ ಒಂದಕ್ಕಿಂತ ಹೆಚ್ಚಿವೆ, ಮತ್ತು ಇಲ್ಲಿ ಹೇಳುವ ಕುಂದುಕೊರತೆಗಳಲ್ಲಿ ಹೆಚ್ಚಿನವು ಯಾವುದೇ ಒಂದು ಕಟ್ಟಡಕ್ಕೆ ಅಂಟಿಕೊಂಡವಲ್ಲ.

ಮೊದಲು ಸುಲಭದ ಸಂಗತಿಗಳನ್ನು ಮುಗಿಸಿಬಿಡುತ್ತೇನೆ. ಕಟ್ಟಡ ಚೆನ್ನಾಗಿದೆ. ಒಂದು ಕೊಠಡಿಗೆ ಆರು ಮಂಚ, ತಲೆಗೊಂದು ಬೀಗ ಹಾಕಬಹುದಾದ ಕಪಾಟು, ಮೇಲೆ ಸೌರ ಹೀಟರ್. ಮೋಡ ಕವಿದ ಜುಲೈ ತಿಂಗಳಲ್ಲಿ ಬಿಸಿನೀರು ಬರುವುದಿಲ್ಲ, ಅದಕ್ಕೆ ಯಾರೂ ದೂರು ಹೇಳಿದ್ದನ್ನು ನಾನು ಕೇಳಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಗೆ ನಡೆದೇ ಹೋಗಬಹುದು, ಬೆಳಗಿನ ಹೊತ್ತು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಹೋದರೆ ದಾರಿ ಸವೆದದ್ದೇ ತಿಳಿಯುವುದಿಲ್ಲ. ರಾತ್ರಿಗೆ ಮುದ್ದೆ, ಹುರುಳಿಕಾಳಿನ ಸಾರು ಅಥವಾ ಬಸ್ಸಾರು, ಅನ್ನ, ಬೆಳಿಗ್ಗೆ ಉಪ್ಪಿಟ್ಟು, ಚಿತ್ರಾನ್ನ, ಪುಳಿಯೋಗರೆಗಳ ಸರದಿ, ವಾರಕ್ಕೊಮ್ಮೆ ಕೋಳಿ. ಮುದ್ದೆಯ ಹದದ ವಿಷಯದಲ್ಲಿ ಮಂಡ್ಯದವನಾದ ನಾನು ಅಷ್ಟು ಸುಲಭಕ್ಕೆ ಒಪ್ಪುವವನಲ್ಲ, ಆದರೂ ಇಲ್ಲಿನ ಮುದ್ದೆಯಲ್ಲಿ ಗಂಟು ಸಿಕ್ಕಿದ ನೆನಪಿಲ್ಲ. ಹುಡುಗರಿಗೆ ನೆನಪಾಗುವುದು ಮಳೆಗಾಲದ ಕಳಲೆ, ಅಣಬೆ, ಹೊಳೆಯ ಏಡಿ. ಅವು ಹಾಸ್ಟೆಲ್ಲಿನ ಊಟದ ಪಟ್ಟಿಯಲ್ಲಿ ಇರಲಾರವು ಎಂಬುದು ಅವರಿಗೂ ಗೊತ್ತಿದೆ.

ಕಷ್ಟ ಶುರುವಾಗುವುದು ಒಳಗೆ ಕಾಲಿಡುವುದಕ್ಕೂ ಮುಂಚೆ. ಅರ್ಜಿ ಹಾಕುವುದು ಆನ್‌ಲೈನಿನಲ್ಲಿ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಆರ್.ಡಿ. ಸಂಖ್ಯೆಯನ್ನು ನಮೂದಿಸಿದ ಕೂಡಲೇ ಜಾಲತಾಣ ತಾನಾಗಿ ವಿವರಗಳನ್ನು ತೆರೆದು ತೋರಿಸುತ್ತದೆ. ಆ ವಿವರದಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾದರೂ ಹುಡುಗ ಹೊರಗೆ. ಎರಡು ವರ್ಷದ ಹಿಂದೆ ಬಂದ ಜೇನುಕುರುಬರ ಹುಡುಗನೊಬ್ಬನ ಶಾಲಾ ದಾಖಲೆಯಲ್ಲಿ, ಒಂದನೆಯ ತರಗತಿಗೆ ಸೇರಿಸಿಕೊಂಡ ಮೇಷ್ಟ್ರು ಯಾರೋ ಬರೀ ‘ಕುರುಬ’ ಎಂದು ಬರೆದಿದ್ದರು. ಕುರುಬರು ನಮ್ಮ ರಾಜ್ಯದಲ್ಲಿ ಹಿಂದುಳಿದ ವರ್ಗಗಳ ಪ್ರವರ್ಗ 2ಎ, ಜೇನುಕುರುಬರು ಪರಿಶಿಷ್ಟ ಪಂಗಡ, ಅದರಲ್ಲೂ ಕೇಂದ್ರ ಸರ್ಕಾರವೇ ವಿಶೇಷವಾಗಿ ದುರ್ಬಲವೆಂದು ಗುರುತಿಸಿರುವ ಬುಡಕಟ್ಟುಗಳಲ್ಲಿ ಒಂದು. ಕರ್ನಾಟಕದಲ್ಲಿ ಆ ಪಟ್ಟಿಯಲ್ಲಿರುವುದು ಅವರು ಮತ್ತು ಕೊರಗರು ಮಾತ್ರ. ಹನ್ನೆರಡು ವರ್ಷ ಯಾರ ಕಣ್ಣಿಗೂ ಬೀಳದ ಆ ಎರಡು ಅಕ್ಷರಗಳ ಕೊರತೆ ಹಾಸ್ಟೆಲ್ಲಿನ ಕಿಟಕಿಯ ಮುಂದೆ ಬಂದು ನಿಂತಿತು. ಬೆಟ್ಟಕುರುಬರ ಮಕ್ಕಳದು ಇನ್ನೊಂದು ಬಗೆಯ ಪಾಡು. ಪಟ್ಟಿಯಲ್ಲಿ ‘ಕಾಡುಕುರುಬ’ ಎಂಬ ಹೆಸರಿತ್ತು, ಜನ ತಮ್ಮನ್ನು ಕರೆದುಕೊಳ್ಳುತ್ತಿದ್ದದ್ದು ‘ಬೆಟ್ಟಕುರುಬ’ ಎಂದು. 2022ರ ಡಿಸೆಂಬರಿನಲ್ಲಿ ಸಂಸತ್ತು ಎರಡೂ ಒಂದೇ ಎಂದು ಒಪ್ಪುವವರೆಗೆ ಆ ಮಕ್ಕಳು ಪ್ರಮಾಣಪತ್ರಕ್ಕಾಗಿ ನಾಡಕಚೇರಿಗೆ ಅಲೆದದ್ದಕ್ಕೆ ಲೆಕ್ಕವಿಲ್ಲ.

ವಿಳಾಸದ ತಕರಾರು ಇದಕ್ಕಿಂತ ಹಳೆಯದು. ನಾಗರಹೊಳೆ ಕಾಡಿನಿಂದ ಹೊರಬಂದ ಕುಟುಂಬಗಳ ಸ್ಥಿತಿಗತಿಯನ್ನು ಪರಿಶೀಲಿಸಲು ಹೈಕೋರ್ಟ್ ನೇಮಿಸಿದ ಸಮಿತಿಗೆ ನಮ್ಮ ಮೈಸೂರು ವಿಶ್ವವಿದ್ಯಾನಿಲಯದ ರಾಜ್ಯಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಮುಜಾಫರ್ ಅಸ್ಸಾದಿ ಅಧ್ಯಕ್ಷರಾಗಿದ್ದರು. ಆ ಸಮಿತಿ 3,418 ಕುಟುಂಬಗಳನ್ನು ಗುರುತಿಸಿತು. ಆ ಮನೆಗಳ ಮೊಮ್ಮಕ್ಕಳು ಈಗ ಪದವಿಗೆ ಬರುತ್ತಿದ್ದಾರೆ. ಅಪ್ಪನ ಪಡಿತರ ಚೀಟಿಯಲ್ಲಿ ಹಳೆಯ ಹಾಡಿಯ ಹೆಸರು, ಹುಡುಗನ ಆಧಾರ್‌ನಲ್ಲಿ ನಾಗಾಪುರದ ಪುನರ್ವಸತಿ ಕೇಂದ್ರದ ಹೆಸರು. ಎರಡೂ ಸತ್ಯವೇ, ಆದರೆ ಗಣಕಯಂತ್ರಕ್ಕೆ ಒಂದೇ ಸತ್ಯ ಬೇಕು. ನಿಲಯದ ಗುಮಾಸ್ತರನ್ನು ಈ ವಿಷಯದಲ್ಲಿ ನಾನು ದೂರಲಾರೆ. ಅವರು ಅರ್ಜಿಯನ್ನು ತಿರಸ್ಕರಿಸದೆ ಹದಿನೈದು ದಿನ ತಡೆಹಿಡಿದು, ತಿದ್ದಿಸಿಕೊಂಡು ಬನ್ನಿ ಎಂದು ಕಳಿಸಿದ ಸಂದರ್ಭಗಳನ್ನು ಕಂಡಿದ್ದೇನೆ. ತೊಂದರೆ ಏನೆಂದರೆ, ಆ ಹದಿನೈದು ದಿನ ಹುಡುಗ ಎಲ್ಲಿ ಮಲಗಬೇಕು ಎಂಬುದಕ್ಕೆ ಅವರ ಬಳಿಯೂ ಉತ್ತರವಿರುವುದಿಲ್ಲ. ಬಸ್ ನಿಲ್ದಾಣದಲ್ಲಿ ಎರಡು ರಾತ್ರಿ ಕಳೆದು ಮೂರನೆಯ ದಿನ ಹಾಡಿಗೆ ವಾಪಸಾದವನೊಬ್ಬನ ವಿಷಯ ನನಗೆ ತಿಳಿದದ್ದು ದಸರಾ ರಜೆಯ ಹೊತ್ತಿಗೆ.

ಸೀಟು ಹಂಚಿಕೆಯ ಬಗ್ಗೆ ಹೇಳಲೇಬೇಕಾದ ಒಂದು ಮಾತಿದೆ, ಮುಜುಗರದ್ದಾದರೂ. ಹಂಚಿಕೆ ನಡೆಯುವುದು ಬಹುಮಟ್ಟಿಗೆ ಅಂಕಗಳ ಆಧಾರದ ಮೇಲೆ, ಅಕ್ರಮ ನಡೆದದ್ದನ್ನು ನಾನು ಕಂಡಿಲ್ಲ. ಆದರೆ 2011ರ ಜನಗಣತಿಯಂತೆ ರಾಜ್ಯದ ಪರಿಶಿಷ್ಟ ಪಂಗಡಗಳ ಜನಸಂಖ್ಯೆ ಸುಮಾರು 42 ಲಕ್ಷ. ಅದರಲ್ಲಿ ನಾಯಕ ಸಮುದಾಯದವರೇ ಬಹುಪಾಲು. ಜೇನುಕುರುಬರು ಸುಮಾರು 36 ಸಾವಿರ, ಸೋಲಿಗರು ಸುಮಾರು 34 ಸಾವಿರ. ಊರಿನ ಪ್ರೌಢಶಾಲೆಯಲ್ಲಿ ಓದಿ ಶೇಕಡ 85 ತೆಗೆದವನೂ ಕಾಡಂಚಿನ ಆಶ್ರಮ ಶಾಲೆಯಲ್ಲಿ, ಅಂದರೆ ಬುಡಕಟ್ಟು ಮಕ್ಕಳ ಸರ್ಕಾರಿ ವಸತಿ ಶಾಲೆಯಲ್ಲಿ, ಕಲಿತು ಶೇಕಡ 52 ತೆಗೆದವನೂ ಒಂದೇ ಸಾಲಿನಲ್ಲಿ ನಿಂತಾಗ ಪಟ್ಟಿ ಯಾವ ಕಡೆ ವಾಲುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಸರ್ಕಾರ 2022ರಲ್ಲಿ ಪರಿಶಿಷ್ಟ ಪಂಗಡಗಳ ಮೀಸಲಾತಿಯನ್ನು ಶೇಕಡ 3ರಿಂದ 7ಕ್ಕೆ ಏರಿಸಿದಾಗ ನಮ್ಮ ಹುಡುಗರು ಸಿಹಿ ಹಂಚಿದರು, ಆದರೆ ಈ ನಿಲಯದಲ್ಲಿ ಹಾಡಿಗಳಿಂದ ಮತ್ತು ಸೋಲಿಗರ ಊರುಗಳಾದ ಪೋಡುಗಳಿಂದ ಬಂದವರನ್ನು ಎಣಿಸಲು ಈಗಲೂ ನನಗೆ ಎರಡು ಕೈಯ ಬೆರಳುಗಳು ಸಾಕು. ಇದರಲ್ಲಿ ನಾಯಕ ಸಮುದಾಯದ ಹುಡುಗರ ತಪ್ಪೇನೂ ಇಲ್ಲ. ಚಳ್ಳಕೆರೆ, ರಾಯಚೂರು ಕಡೆಯಿಂದ ಬಂದ ಅವರಲ್ಲಿಯೂ ಕೂಲಿಕಾರರ ಮಕ್ಕಳೇ ಹೆಚ್ಚು.

ಸೇರಿಕೊಂಡ ಮೇಲಿನ ಮೊದಲ ಸೆಮಿಸ್ಟರ್ ಎಲ್ಲಕ್ಕಿಂತ ಸೂಕ್ಷ್ಮವಾದ ಕಾಲ. ಆಶ್ರಮ ಶಾಲೆಯಲ್ಲಿ ಬೆಳೆದ ಈ ಹುಡುಗರಿಗೆ ಹಾಸ್ಟೆಲ್ ಜೀವನ ಹೊಸದಲ್ಲ. ಗಂಟೆ, ಸಾಲು, ತಟ್ಟೆ, ಎಲ್ಲವೂ ಐದಾರು ವರ್ಷದವರಾಗಿದ್ದಾಗಿನಿಂದ ಗೊತ್ತು. ಹೊಸದಾಗಿರುವುದು ಮಾತು. ಹಾಡಿಯ ಜೇನುನುಡಿಯ ಏರಿಳಿತ ಅವರ ಕನ್ನಡದಲ್ಲಿ ಉಳಿದಿರುತ್ತದೆ, ಕೊಠಡಿಯ ಗೆಳೆಯರು ತಮಾಷೆಗೆಂದು ಅದನ್ನು ಅಣಕಿಸುತ್ತಾರೆ, ಒಂದು ತಿಂಗಳಲ್ಲಿ ಹುಡುಗ ಮಾತನ್ನೇ ನಿಲ್ಲಿಸುತ್ತಾನೆ. ಇಂಥವನನ್ನು ಹೊರಗಿನಿಂದ ನೋಡಿದವರು ‘ಬಹಳ ಸಾಧು ಹುಡುಗ’ ಎಂದು ಹೊಗಳುವುದುಂಟು. ನಾನೂ ಹಾಗೆ ಹೊಗಳಿದ್ದೇನೆ.

ಹಾಜರಾತಿಯ ಬೆರಳಚ್ಚು ಯಂತ್ರದ ಬಗ್ಗೆಯೂ ಬರೆಯಬೇಕು. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಬೆರಳು ಒತ್ತದಿದ್ದರೆ ಆ ದಿನ ಗೈರು. ಇದರಿಂದ ಸುಳ್ಳು ಲೆಕ್ಕ ನಿಂತಿದೆ ಎಂಬುದು ನಿಜ, ಊಟದ ಗುಣಮಟ್ಟ ಸುಧಾರಿಸಿದ್ದರಲ್ಲಿ ಇದರ ಪಾಲೂ ಇರಬಹುದು. ಆದರೆ ರಜೆಯ ಅರ್ಜಿಯಲ್ಲಿ ಅವರ ಬದುಕಿಗೆ ಹೊಂದುವ ಕಾರಣವೇ ಇಲ್ಲ. ಮೇ ತಿಂಗಳ ಕುಂಡೆ ಹಬ್ಬ ಸರ್ಕಾರಿ ರಜೆಯ ಪಟ್ಟಿಯಲ್ಲಿ ಇಲ್ಲ. ಸೋಲಿಗರ ರೊಟ್ಟಿ ಹಬ್ಬವೂ ಇಲ್ಲ. ಮೂರು ವರ್ಷದ ಹಿಂದೆ ನನ್ನದೇ ತರಗತಿಯ ಹುಡುಗನೊಬ್ಬ ಅಜ್ಜಿ ತೀರಿಕೊಂಡರೆಂದು ಹಾಡಿಗೆ ಹೋಗಿ, ಎಲ್ಲ ಕಾರ್ಯ ಮುಗಿಸಿ, ಹತ್ತೊಂಬತ್ತು ದಿನ ಕಳೆದು ಬಂದ. ನಿಲಯದವರು ಕಾರಣ ಕೇಳಿ ನೋಟಿಸ್ ಕೊಟ್ಟರು. ಇತ್ತ ಶೇಕಡ 75ರ ಹಾಜರಾತಿ ಸಾಲದೆಂದು ಕಾಲೇಜಿನ ಪಟ್ಟಿಗೆ ಅವನ ಹೆಸರು ಸೇರಿತು. ಆ ಪಟ್ಟಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ‘ಅಜ್ಜಿಗೆ ಅಷ್ಟು ದಿನ ಯಾಕೋ?’ ಎಂದು ಕೇಳಿದ್ದಕ್ಕೆ ಅವನು, ‘ನನ್ನನ್ನು ಸಾಕಿದ್ದು ಅವಳೇ ಸರ್, ಅವ್ವ ಕೊಡಗಿನ ತೋಟದಲ್ಲಿ ಇರೋಳು’ ಎಂದಷ್ಟೇ ಹೇಳಿ ತಲೆ ತಗ್ಗಿಸಿದ. ಅರ್ಜಿಯಲ್ಲಿ ‘ಅಜ್ಜಿಯ ಮರಣ’ ಎಂದು ಬರೆದಿದ್ದ, ಅಷ್ಟನ್ನು ಓದಿದವರಿಗೆ ಬೇರೇನು ತಿಳಿಯಬೇಕು? ಮುಂದಿನ ವರ್ಷ ಆ ಸೆಮಿಸ್ಟರನ್ನು ಮತ್ತೆ ಓದಿ ಪಾಸಾದ, ಅದು ಅವನ ಹಟ.

ಅವನು ಹಾಗೆ ಮರಳಿ ಬರುವುದಕ್ಕೆ ನಾನು ಕಾರಣನಲ್ಲ, ವಾರ್ಡನ್ನರೂ ಅಲ್ಲ. ನಿಲಯದಲ್ಲಿ ಹೊರಗುತ್ತಿಗೆಯ ಮೇಲೆ ಕೆಲಸ ಮಾಡುತ್ತಿದ್ದ, ಸರಗೂರು ಕಡೆಯ ಅಡುಗೆಯವರೊಬ್ಬರಿದ್ದರು. ಹುಡುಗರೆಲ್ಲ ‘ಅಣ್ಣ’ ಎನ್ನುತ್ತಿದ್ದರು. ‘ಯಾಕ್ಲಾ ಮಗ, ನಿನ್ನೆ ರಾತ್ರಿ ಉಣ್ಣಕ್ಕೆ ಬರ್ಲಿಲ್ಲ?’ ಎಂದು ತಟ್ಟೆ ಎಣಿಸುತ್ತಲೇ ಕೇಳುವ ಅಭ್ಯಾಸ ಅವರದು. ಯಾರ ಹಾಡಿಯಲ್ಲಿ ಯಾರು ಯಜಮಾನ, ಯಾರ ಅಪ್ಪ ಈ ತಿಂಗಳು ಕಾಫಿ ಕೊಯ್ಲಿಗೆ ಹೋಗಿದ್ದಾನೆ, ಯಾರ ಮನೆಯ ಫೋನಿಗೆ ಯಾವ ಹೊತ್ತಿನಲ್ಲಿ ಸಿಗ್ನಲ್ ಸಿಗುತ್ತದೆ ಎಂಬುದೆಲ್ಲ ಅವರಿಗೆ ತಿಳಿದಿತ್ತು. ಅಜ್ಜಿಯನ್ನು ಕಳೆದುಕೊಂಡ ಹುಡುಗನಿಗೆ ಹಾಡಿಯ ಅಂಗಡಿಯವನ ಮೂಲಕ ಹೇಳಿ ಕಳಿಸಿ ಕರೆಸಿದ್ದು ಅವರೇ. ಈ ನಿಲಯಕ್ಕೆ ನಾನು ಕೊಡುವ ಒಳ್ಳೆಯ ಅಂಕಗಳಲ್ಲಿ ಅರ್ಧ, ಪ್ರಾಮಾಣಿಕವಾಗಿ ಹೇಳುವುದಾದರೆ, ಆ ಒಬ್ಬರಿಗೆ ಸಲ್ಲಬೇಕು. ಕಳೆದ ಮಾರ್ಚಿನಲ್ಲಿ ಗುತ್ತಿಗೆ ಬೇರೆ ಏಜೆನ್ಸಿಯವರ ಪಾಲಾಯಿತು, ಅಣ್ಣನ ಜಾಗಕ್ಕೆ ಬೇರೆಯವರು ಬಂದರು. ಅಡುಗೆ ಮೊದಲಿನಷ್ಟೇ ರುಚಿಯಾಗಿದೆ.

ಆಸ್ಟ್ರೇಲಿಯದ ಮೂಲನಿವಾಸಿಗಳ ಶಿಕ್ಷಣದ ಬಗ್ಗೆ ತರಗತಿಯಲ್ಲಿ ಪಾಠ ಮಾಡುವಾಗಲೆಲ್ಲ ನನಗೆ ಈ ಅಡುಗೆಮನೆ ನೆನಪಾಗುತ್ತದೆ. ಅಲ್ಲಿ ಮೂಲನಿವಾಸಿ ಹೆಣ್ಣುಮಗಳೊಬ್ಬಳು, ಮಾರ್ಗರೆಟ್ ವಿಲಿಯಮ್ಸ್, ಮೆಲ್ಬರ್ನ್ ವಿಶ್ವವಿದ್ಯಾನಿಲಯದಿಂದ ಓದು ಮುಗಿಸಿ ಹೊರಬಂದದ್ದು 1959ರಲ್ಲಿ. ಇನ್ನೊಬ್ಬ ಮೂಲನಿವಾಸಿ ಚಾರ್ಲ್ಸ್ ಪರ್ಕಿನ್ಸ್ ಸಿಡ್ನಿಯಲ್ಲಿ ಪದವಿ ಪಡೆದದ್ದು 1966ರಲ್ಲಿ, ಅದರ ಹಿಂದಿನ ವರ್ಷವೇ ಸಹಪಾಠಿಗಳೊಡನೆ ಬಸ್ಸಿನಲ್ಲಿ ಊರೂರು ಸುತ್ತಿ ಬಣ್ಣಭೇದದ ವಿರುದ್ಧ ಪ್ರತಿಭಟಿಸಿದ ಮೇಲೆ. 1969ರಲ್ಲಿ ಆ ದೇಶ ‘ಆಬ್‌ಸ್ಟಡಿ’ ಎಂಬ ವಿದ್ಯಾರ್ಥಿವೇತನವನ್ನು ಆರಂಭಿಸಿತು. ಆದರೆ ಹಣ ಕೊಟ್ಟಷ್ಟಕ್ಕೆ ಮಕ್ಕಳು ಉಳಿಯುವುದಿಲ್ಲವೆಂದು ಕಂಡುಕೊಂಡ ಅಲ್ಲಿನ ವಿಶ್ವವಿದ್ಯಾನಿಲಯಗಳು ಕ್ರಮೇಣ ಮೂಲನಿವಾಸಿ ವಿದ್ಯಾರ್ಥಿಗಳಿಗೆಂದೇ ಪ್ರತ್ಯೇಕ ಕೇಂದ್ರಗಳನ್ನು ತೆರೆದವು. ಹಲವು ಕಡೆ ಆ ಸಮುದಾಯದ ಹಿರಿಯರೇ ಸಂಬಳದ ಮೇಲೆ ಅಲ್ಲಿ ಕೂರುತ್ತಾರೆ, ಮಕ್ಕಳು ಹೋಗಿ ಅವರೊಡನೆ ಮಾತನಾಡಬಹುದು. ಅಲ್ಲಿ ಎಲ್ಲವೂ ಸರಿಯಿದೆ ಎಂದೇನೂ ಅಲ್ಲ. ಆದರೆ ನಮ್ಮ ಅಣ್ಣ ಮುದ್ದೆ ತಿರುವುತ್ತ ಬಿಟ್ಟಿಯಾಗಿ ಮಾಡುತ್ತಿದ್ದದ್ದಕ್ಕೆ ಅಲ್ಲಿ ಒಂದು ಹುದ್ದೆಯಿದೆ, ಒಂದು ಕುರ್ಚಿಯಿದೆ. ನಮ್ಮ ನಿಲಯದ ಮಂಜೂರಾದ ಹುದ್ದೆಗಳ ಫಲಕದಲ್ಲಿ ವಾರ್ಡನ್, ಅಡುಗೆಯವರು, ಸಹಾಯಕರು, ಕಾವಲುಗಾರ ಎಂದಿದೆ, ಅಷ್ಟೆ.

ಓದುವ ಕೋಣೆಯ ವಿಷಯಕ್ಕೆ ಬಂದರೆ, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು ಸಾಕಷ್ಟಿವೆ, ಪದವಿಯ ಪಠ್ಯಗಳು ಕಡಿಮೆ. ಅಂತರಜಾಲ ಸಂಜೆಯ ಮೇಲೆ ನಿಧಾನ. ಪಕ್ಕದಲ್ಲೇ ಮಾನಸಗಂಗೋತ್ರಿಯ ಗ್ರಂಥಾಲಯ ಇರುವುದರಿಂದ ಸ್ನಾತಕೋತ್ತರ ಹುಡುಗರಿಗೆ ಇದು ದೊಡ್ಡ ಕೊರತೆಯಲ್ಲ. ಭಾರತೀಯ ಭಾಷಾ ಸಂಸ್ಥಾನ, ರಾಜ್ಯದ ಬುಡಕಟ್ಟು ಸಂಶೋಧನಾ ಸಂಸ್ಥೆ, ಮಾನವಶಾಸ್ತ್ರ ಸರ್ವೇಕ್ಷಣ ಇಲಾಖೆಯ ಪ್ರಾದೇಶಿಕ ಕೇಂದ್ರ, ಎಲ್ಲವೂ ಇದೇ ಊರಿನಲ್ಲಿರುವುದರಿಂದ ಈ ಹುಡುಗರನ್ನು ಹುಡುಕಿಕೊಂಡು ಪ್ರಶ್ನಾವಳಿ ಹಿಡಿದು ಬರುವ ಸಂಶೋಧಕರಿಗೂ ಬರವಿಲ್ಲ. ಒಮ್ಮೆ ನಾನೇ ಒಬ್ಬರನ್ನು ಕರೆದುಕೊಂಡು ಹೋಗಿದ್ದೆ. ಅವರು ಎಲ್ಲ ಬರೆದುಕೊಂಡು ಎದ್ದ ಮೇಲೆ ಸೋಲಿಗರ ಹುಡುಗನೊಬ್ಬ, ‘ಇದನ್ನು ಬರೆದು ಮುಗಿಸಿದ ಮೇಲೆ ನಮಗೂ ಒಂದು ಪ್ರತಿ ಕೊಡ್ತೀರಾ ಸರ್?’ ಎಂದು ಕೇಳಿದ. ಕೊಡುತ್ತೇನೆಂದು ಹೇಳಿ ಹೋದವರು ಈವರೆಗೆ ಕೊಟ್ಟಿಲ್ಲ.

ಹೆಣ್ಣುಮಕ್ಕಳ ನಿಲಯದ ಬಗ್ಗೆ ನನಗೆ ನೇರ ಅನುಭವವಿಲ್ಲವಾದ್ದರಿಂದ ಬರೆಯುವುದಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯ ಬಸ್ಸು ಉಚಿತವಾದ ಮೇಲೆ ನನ್ನ ತರಗತಿಯ ಹಾಡಿಯ ಹುಡುಗಿಯರು ಶನಿವಾರ ಮನೆಗೆ ಹೋಗಿ ಸೋಮವಾರ ನಗುತ್ತ ಬರುತ್ತಾರೆ, ಹುಡುಗರು ಟಿಕೆಟ್ ದುಡ್ಡಿಗಾಗಿ ತಿಂಗಳುಗಟ್ಟಲೆ ತಡೆದುಕೊಳ್ಳುತ್ತಾರೆ ಎಂಬುದನ್ನಷ್ಟೇ ಗಮನಿಸಿದ್ದೇನೆ.

ಐದಕ್ಕೆ ಎಷ್ಟು ಎಂದು ಕೇಳುವವರಿಗೆ: ಊಟ, ವಸತಿಗೆ ನಾಲ್ಕು, ಪ್ರವೇಶದ ವ್ಯವಸ್ಥೆಗೆ ಎರಡು, ಹುಡುಗ ಬಿಟ್ಟುಹೋಗದಂತೆ ನೋಡಿಕೊಳ್ಳುವುದಕ್ಕೆ, ಅಣ್ಣ ಇದ್ದಾಗ ನಾಲ್ಕು, ಈಗ ಒಂದು. ಇಷ್ಟಾದರೂ ಕಳಿಸಿ ಎಂದೇ ಹೇಳುತ್ತೇನೆ, ಬಾಡಿಗೆ ಕೋಣೆ ಹಿಡಿದು ಓದುವ ಶಕ್ತಿ ಈ ಮನೆಗಳಿಗೆ ಇಲ್ಲ. ಕಳಿಸುವ ಮೊದಲು ವರ್ಗಾವಣೆ ಪತ್ರದಲ್ಲಿ ಜಾತಿಯ ಹೆಸರು ಪೂರ್ತಿಯಾಗಿದೆಯೇ ಎಂದು ಏಪ್ರಿಲ್‌ನಲ್ಲೇ ನೋಡಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂದು ಖಚಿತಪಡಿಸಿಕೊಳ್ಳಿ, ಇಲ್ಲದಿದ್ದರೆ ವಿದ್ಯಾರ್ಥಿವೇತನ ಮಂಜೂರಾಗಿಯೂ ಕೈಸೇರುವುದಿಲ್ಲ. ಸಾಧ್ಯವಾದರೆ ಒಂದೇ ಕಡೆಯ ಇಬ್ಬರನ್ನು ಜೊತೆಗೆ ಕಳಿಸಿ, ಒಂದೇ ಕೊಠಡಿ ಕೊಡಿ ಎಂದು ವಾರ್ಡನ್ನರನ್ನು ಕೇಳಿ. ಕೇಳಿದಾಗ ಅವರು ಇಲ್ಲ ಎಂದದ್ದಿಲ್ಲ. ಮೊದಲ ಮೂರು ತಿಂಗಳು ವಾರಕ್ಕೊಮ್ಮೆ ನೀವೇ ಫೋನ್ ಮಾಡಿ, ಹುಡುಗ ‘ಚೆನ್ನಾಗಿದ್ದೀನಿ ಸರ್’ ಎಂದರೆ ಅಲ್ಲಿಗೇ ಇಡಬೇಡಿ, ರಾತ್ರಿ ಏನು ಉಂಡೆ, ಯಾರ ಜೊತೆ ಕೂತು ಉಂಡೆ ಎಂದು ಕೇಳಿ.